ಹತ್ತೂ ಹತ್ತರವರೆಗೆ ಸಮಯವಿತ್ತು

(ನೇತ್ರದಾನ ಪಾಕ್ಷಿಕದ ಸಂದರ್ಭದಲ್ಲಿ ತಿಪಟೂರಿನಲ್ಲಿ ಆಡಿದ ಮಾತುಗಳ ಬರಹ ರೂಪ)

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನನ್ನ ಫೋನ್ ಆಫ್ ಮಾಡಿಲ್ಲ. ಜೇಬಿನಲ್ಲೇ ಇದೆ, ಸೌಂಡೂ ಜಾಸ್ತಿಯೇ ಇಟ್ಟಿದ್ದೇನೆ. ಅದು ಬಾರಿಸಿದರೆ ನಾನು ಮೈಕ್ ಬಿಟ್ಟು ಹೊರಗೆ ಹೋಗುತ್ತೇನೆ. ಯಾರೂ ಬೇಜಾರು ಮಾಡಿಕೊಳ್ಳಬಾರದು. ಸಂಘಟಕರಿಗೆ ಮುಂಚೆಯೇ ಹೇಳಿದ್ದೇನೆ.

ನನ್ನನ್ನು ಪರಿಚಯ ಮಾಡಿಕೊಡುವಾಗ 'ಸಮಾಜಸೇವಕರು' ಅಂದರು. ಅದಲ್ಲ ನಾನು. ಬಸ್ ಸ್ಟ್ಯಾಂಡಿನಲ್ಲಿ ಸಂಚಾರ ನಿಯಂತ್ರಕನಾಗಿದ್ದವನು. ಗೂಡಿನಂಥ ಆಫೀಸಿನಲ್ಲಿ ಕೂತು, ಯಾವ ಗಾಡಿ ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೋಯ್ತು ಅಂತ ಬರೆದುಕೊಂಡು, ಡ್ರೈವರಿಗೆ ಸೀಟಿ ಊದುವ ಕೆಲಸ. ಗಂಟೆ ನೋಡುವುದೇ ನೌಕರಿ. 2012ರಲ್ಲಿ ರಿಟೈರ್ ಆದೆ. ಆದರೂ ಗೋಡೆ ಗಡಿಯಾರ ಎರಡು ನಿಮಿಷ ಹಿಂದೆ ಇದ್ದರೆ ಇವತ್ತಿಗೂ ನನಗೆ ನಿದ್ದೆ ಬರುವುದಿಲ್ಲ. ಇದನ್ನು ಯಾಕೆ ಹೇಳಿದೆ ಅಂದರೆ, ಈಗ ಹೇಳುವುದರಲ್ಲಿ ಗಂಟೆ ನಿಮಿಷಗಳು ಜಾಸ್ತಿ ಬರುತ್ತವೆ. ಸಹಿಸಿಕೊಳ್ಳಬೇಕು.

2014ರಲ್ಲಿ ನನ್ನ ಹೆಂಡತಿ ತೀರಿಕೊಂಡಳು. ಬೆಳಗಿನ ಜಾವ 4:10ಕ್ಕೆ. ಎದೆ ಉರಿ ಅಂದಳು, ಜೀರಿಗೆ ನೀರು ಕೊಟ್ಟೆ, ಆಟೋ ತರಲು ಹೋಗಿ ಬರುವಷ್ಟರಲ್ಲಿ ಮುಗಿದಿತ್ತು. ಡಾಕ್ಟರ್ ಮನೆಗೇ ಬಂದು ನೋಡಿ ಹೇಳಿದರು. ಆಮೇಲೆ ನಿಮಗೆಲ್ಲ ಗೊತ್ತಿರುವುದೇ. ಫೋನುಗಳು, ಶಾಮಿಯಾನ, ಐಸ್ ಬಾಕ್ಸು. ಮಗ ಪುಣೆಯಲ್ಲಿದ್ದ. ಅವನು ಬರುವ ತನಕ ಕಾಯಬೇಕಾ, ಬೇಡವಾ ಅನ್ನುವುದೇ ದೊಡ್ಡ ಚರ್ಚೆ. ನಮ್ಮ ಅಣ್ಣ ಒಂದು ಹೇಳಿದರೆ ಅವಳ ತಮ್ಮ ಇನ್ನೊಂದು. ಸಾಯಂಕಾಲ ಮಗ ಬಂದ, ಎಲ್ಲ ಆಯಿತು.

ಹದಿನೈದು ದಿನ ಕಳೆದ ಮೇಲೆ ಬ್ಯಾಂಕಿನ ಪಾಸ್‌ಬುಕ್ ಹುಡುಕುತ್ತಿದ್ದೆ. ಬೀರುವಿನಲ್ಲಿ ಅವಳ ಸೀರೆಗಳ ಕೆಳಗೆ ಹಳೇ ನ್ಯೂಸ್‌ಪೇಪರ್ ಹಾಸಿದ್ದಳು. ಅದರ ಅಡಿಯಲ್ಲಿ ಒಂದು ಸಣ್ಣ ಕಾರ್ಡ್ ಸಿಕ್ಕಿತು. ನೇತ್ರದಾನದ ಕಾರ್ಡ್. ಅವಳ ಸಹಿ. 2006ನೇ ಇಸವಿ.

ತಕ್ಷಣ ನೆನಪಾಯಿತು. 2006ರ ಏಪ್ರಿಲ್ 12ರಂದು ಅಣ್ಣಾವ್ರು ಹೋದರು. ಆ ಗದ್ದಲ, ಆ ಜನಸಾಗರದ ನಡುವೆಯೂ ಅವರ ಕಣ್ಣುಗಳನ್ನು ದಾನ ಮಾಡಿದರು. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ 1994ರಲ್ಲೇ ಅವರ ಹೆಸರಿನಲ್ಲಿ ಕಣ್ಣಿನ ಬ್ಯಾಂಕ್ ಶುರುವಾಗಿತ್ತು. ಆಗಲೇ ಕೊಟ್ಟ ಮಾತು ಅದು. ಅವರು ಹೋದ ಮೇಲೆ ಊರೂರಲ್ಲಿ ಶಿಬಿರಗಳಾದವು. ನಮ್ಮ ಬೀದಿಯ ಹೆಂಗಸರೂ ಹೋಗಿದ್ದರು. ಇವಳು ಬಂದು ಹೇಳಿದ್ದಳು, 'ರೀ, ನಾನೂ ಬರೆದುಕೊಟ್ಟೆ' ಅಂತ. ನಾನು ಪೇಪರ್ ಓದುತ್ತಾ 'ಹೂಂ' ಅಂದಿದ್ದೆ. ಅಷ್ಟೇ. ಎಂಟು ವರ್ಷದಲ್ಲಿ ಆ ವಿಷಯ ಮತ್ತೆ ಬರಲೇ ಇಲ್ಲ.

ಜೀವ ಹೋದ ಆರು ಗಂಟೆಯೊಳಗೆ ಕಣ್ಣು ತೆಗೆದುಕೊಳ್ಳಬೇಕು. ಆ ಕಾರ್ಡಿನ ಹಿಂದೆಯೇ ಅಚ್ಚಾಗಿತ್ತು ಅದು. ನನ್ನ ತಲೆ ಹೇಗೆ ಅಂತ ಹೇಳಿದೆನಲ್ಲ, ಕಾರ್ಡ್ ಕೈಯಲ್ಲಿ ಹಿಡಿದುಕೊಂಡೇ ಲೆಕ್ಕ ಹಾಕಿತು. ನಾಲ್ಕೂ ಹತ್ತಕ್ಕೆ ಆರು ಸೇರಿಸಿ. ಹತ್ತೂ ಹತ್ತು. ಹತ್ತೂ ಹತ್ತಕ್ಕೆ ನಾವೇನು ಮಾಡುತ್ತಿದ್ದೆವು? ಮಗನಿಗೆ ಕಾಯಬೇಕಾ ಬೇಡವಾ ಅಂತ ಜಗಳವಾಡುತ್ತಿದ್ದೆವು. ಹೇಗೂ ಕಾದೆವಲ್ಲ! ಅದರಲ್ಲಿ ಅರ್ಧ ಗಂಟೆ ಸಾಕಿತ್ತು.

ಆ ಕಾರ್ಡ್ ತಗೊಂಡು ನಾನು ಕಣ್ಣಿನ ಬ್ಯಾಂಕಿಗೆ ಹೋದೆ. ಯಾಕೆ ಹೋದೆ ಅಂತ ಕೇಳಬೇಡಿ. ಬಸ್ ಹೋಗಿ ಹದಿನೈದು ದಿನ ಆದಮೇಲೆ ಟಿಕೆಟ್ ಹಿಡಿದು ಸ್ಟ್ಯಾಂಡಿಗೆ ಬಂದ ಪ್ರಯಾಣಿಕನ ಹಾಗಿತ್ತು. ಅಂಥವರನ್ನು ನಾನು ನೌಕರಿಯಲ್ಲಿ ನೋಡಿ ನಕ್ಕಿದ್ದೇನೆ. ಅಲ್ಲಿದ್ದ ಹೆಣ್ಣುಮಗಳು ನಗಲಿಲ್ಲ. ಕೂರಿಸಿ ಟೀ ತರಿಸಿದಳು. ಕಾರ್ಡನ್ನು ಎರಡೂ ಕಡೆ ನೋಡಿ ವಾಪಸ್ ಕೊಟ್ಟಳು. 'ನಾನೇನಾದ್ರೂ ಮಾಡಬಹುದಾ ಇಲ್ಲಿ?' ಅಂತ ಕೇಳಿದೆ. 'ಮಾಡಬಹುದು ಸರ್, ಈಗ ಬೇಡ. ನಾಲ್ಕೈದು ತಿಂಗಳು ಹೋಗಲಿ' ಅಂದಳು.

ನಾನು ಕೇಳಬೇಕಲ್ಲ! ದಿನಾ ಹೋಗಿ ಕೂತೆ. ನನ್ನ ಕಾಟ ತಾಳಲಾರದೆ ಒಂದು ದಿನ ಒಬ್ಬ ಹಿರಿಯ ಕಾರ್ಯಕರ್ತರು 'ಬನ್ನಿ, ಸುಮ್ನೆ ನೋಡಿ, ಮಾತಾಡಬೇಡಿ' ಅಂತ ಕರೆದುಕೊಂಡು ಹೋದರು. ಹೋದ ಮನೆಯಲ್ಲಿ ತೀರಿಕೊಂಡವರು ಐವತ್ತರ ಆಸುಪಾಸಿನ ಹೆಂಗಸು. ಬಾಗಿಲಲ್ಲಿ ಹಿಂದಿನ ದಿನದ ರಂಗೋಲಿ ಇನ್ನೂ ಇತ್ತು, ಜನ ತುಳಿದು ಅರ್ಧ ಅಳಿಸಿತ್ತು. ಅದನ್ನು ನೋಡಿದ್ದೇ ತಡ, ನಾನು ಅಲ್ಲೇ ಕುಸಿದು ಗೊಳೋ ಅಂತ ಅತ್ತೆ. ಆ ಮನೆಯವರು, ತಾಯಿಯನ್ನು ಕಳೆದುಕೊಂಡ ಮಕ್ಕಳು, ನನಗೆ ನೀರು ತಂದುಕೊಟ್ಟು ಬೆನ್ನು ಸವರಿದರು. 'ನೀವು ಅಮ್ಮನಿಗೆ ಏನಾಗಬೇಕು?' ಅಂತ ಕೇಳಿದರು. ಏನಂತ ಹೇಳಲಿ? ನನಗೆ ಆಕೆಯ ಹೆಸರೂ ಗೊತ್ತಿರಲಿಲ್ಲ.

ಆ ದಿನ ಕಣ್ಣು ಸಿಗಲಿಲ್ಲ. ಕೇಳುವುದಕ್ಕೇ ಆಗಲಿಲ್ಲ. ನನ್ನಿಂದ ಆದ ನಷ್ಟ ಅದು.

ಇದನ್ನು ಬೇಕಂತಲೇ ಹೇಳುತ್ತಿದ್ದೇನೆ. 'ದುಃಖದಲ್ಲಿದ್ದೀಯಾ? ಸೇವೆ ಮಾಡು, ಸರಿಹೋಗುತ್ತೆ' ಅಂತ ಜನ ಸಲೀಸಾಗಿ ಹೇಳುತ್ತಾರೆ. ಕಷಾಯ ಕುಡಿ ಅಂದ ಹಾಗೆ. ನಮ್ಮ ನೋವಿಗೆ ಮದ್ದು ಹುಡುಕಿಕೊಂಡು ಇನ್ನೊಬ್ಬರ ಸಾವಿನ ಮನೆಗೆ ನುಗ್ಗುವುದು ಅನ್ಯಾಯ. ಆಮೇಲೆ ಎಂಟು ತಿಂಗಳು ನನ್ನನ್ನು ಯಾವ ಮನೆಗೂ ಕಳಿಸಲಿಲ್ಲ. ಫೋನ್ ಎತ್ತುವುದು, ರಿಜಿಸ್ಟರ್ ಬರೆಯುವುದು, ಶಾಲೆಗಳಿಗೆ ಹೋಗಿ ಮಕ್ಕಳಿಗೆ ಹೇಳುವುದು. ರಿಜಿಸ್ಟರ್ ನನಗೆ ಇಷ್ಟವಾಯಿತು. ಸಮಯ, ಸ್ಥಳ, ಸಹಿ. ಹಳೇ ಕೆಲಸವೇ.

ಆ ಎಂಟು ತಿಂಗಳಲ್ಲಿ ಕಲಿತದ್ದು ಜಾಸ್ತಿ. ಕಣ್ಣುದಾನ ಅಂದರೆ ಪೂರ್ತಿ ಕಣ್ಣನ್ನು ಇನ್ನೊಬ್ಬರಿಗೆ ಹಾಕುತ್ತಾರೆ ಅಂತ ನಾನು ತಿಳಿದಿದ್ದೆ. ಇಲ್ಲಿ ಎಷ್ಟು ಜನ ಹಾಗೆ ತಿಳಿದಿದ್ದೀರಿ? ಕೈ ಎತ್ತಿ, ಪರವಾಗಿಲ್ಲ. ನೋಡಿ, ಅರ್ಧಕ್ಕರ್ಧ. ಹಾಕುವುದು ಕಾರ್ನಿಯಾ ಮಾತ್ರ. ಕರಿಗುಡ್ಡೆಯ ಮೇಲಿರುವ ತೆಳ್ಳನೆಯ ಪಾರದರ್ಶಕ ಪೊರೆ. ಈ ನನ್ನ ವಾಚ್ ನೋಡಿ. ಮೇಲಿನ ಗಾಜು ಗೀರು ಬಿದ್ದು ಮಬ್ಬಾದರೆ ಒಳಗೆ ಮುಳ್ಳು ಸರಿಯಾಗಿ ತಿರುಗುತ್ತಿದ್ದರೂ ಗಂಟೆ ಕಾಣುವುದಿಲ್ಲ. ಆಗ ಗಾಜು ಬದಲಿಸುತ್ತೇವೆ, ವಾಚನ್ನಲ್ಲ. ಅದಕ್ಕೇ ಎಲ್ಲ ಕುರುಡಿಗೂ ಇದು ಪರಿಹಾರವಲ್ಲ. ಒಳಗಿನ ನರವೇ ಹಾಳಾಗಿದ್ದರೆ ಗಾಜು ಹಾಕಿ ಏನು ಮಾಡುವುದು? ಇದನ್ನೂ ಹೇಳಬೇಕು, ಸುಳ್ಳು ಆಸೆ ಹುಟ್ಟಿಸಬಾರದು.

ಗಾಜು ಮಬ್ಬಾಗುವುದು ಹೇಗೆ? ನಮ್ಮ ಕಡೆ ನೀವೇ ನೋಡಿರುತ್ತೀರಿ. ಭತ್ತದ ಗರಿ, ಕಬ್ಬಿನ ಸೋಗೆ ಕಣ್ಣಿಗೆ ಹೊಡೆಯುತ್ತದೆ. ಎರಡು ದಿನ ಸುಮ್ಮನಿರುತ್ತಾರೆ. ಮೂರನೇ ದಿನ ಯಾರೋ ಹೇಳಿದರು ಅಂತ ಸೊಪ್ಪಿನ ರಸ ಹಿಂಡುತ್ತಾರೆ. ಹುಣ್ಣಾಗಿ, ಮಾಯ್ದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಇನ್ನೊಂದು, ಸುಣ್ಣ. ಎಲೆ ಅಡಿಕೆಯ ಸುಣ್ಣದ ಪ್ಯಾಕೆಟ್ಟನ್ನು ಮಕ್ಕಳು ಆಟಕ್ಕೆ ಹಿಸುಕುತ್ತವೆ, ಸಿಡಿದು ಕಣ್ಣಿಗೆ ಬೀಳುತ್ತದೆ. ಅಜ್ಜಿಯರು ದಯವಿಟ್ಟು ಸುಣ್ಣದ ಡಬ್ಬಿ ಮೇಲಿಡಿ. ಬಿದ್ದರೆ ಮೊದಲು ನೀರು, ಇನ್ನಷ್ಟು ನೀರು, ಆಮೇಲೆ ಆಸ್ಪತ್ರೆ.

ಸುಣ್ಣ ಅಂದಾಗ ಒಂದು ಕಥೆ. ಜಗತ್ತಿನಲ್ಲಿ ಮೊದಲ ಸಲ ಮನುಷ್ಯನ ಕಾರ್ನಿಯಾವನ್ನು ಇನ್ನೊಬ್ಬ ಮನುಷ್ಯನಿಗೆ ಹಾಕಿ ಗೆದ್ದದ್ದು 1905ರ ಡಿಸೆಂಬರ್ 7ರಂದು. ಆಗಿನ ಆಸ್ಟ್ರಿಯಾ-ಹಂಗೇರಿಯ ಓಲೊಮೊಟ್ಸ್ ಅನ್ನುವ ಊರು, ಈಗ ಚೆಕ್ ದೇಶದಲ್ಲಿದೆ. ಎಡ್ವರ್ಡ್ ಝಿರ್ಮ್ ಅಂತ ಡಾಕ್ಟರು. ಹಾಕಿಸಿಕೊಂಡವನು ಒಬ್ಬ ಕೂಲಿಯಾಳು. ಅವನ ಕಣ್ಣು ಹೋದದ್ದೂ ಸುಣ್ಣದಿಂದಲೇ! ಕೊಟ್ಟದ್ದು ಹನ್ನೊಂದು ವರ್ಷದ ಹುಡುಗ. ಕಬ್ಬಿಣದ ಚೂರು ಸಿಕ್ಕಿ ಉಳಿಸಲಾರದ ಕಣ್ಣನ್ನು ತೆಗೆಯಲೇಬೇಕಾಗಿ ಬಂದಿತ್ತು. ಅದರ ಕಾರ್ನಿಯಾ ಮಾತ್ರ ಚೆನ್ನಾಗಿತ್ತು. ಅಂದರೆ ಆ ಮೊದಲ ದಾನಿ ಸತ್ತಿರಲಿಲ್ಲ. ಕೂಲಿಯಾಳಿನ ಎರಡೂ ಕಣ್ಣಿಗೆ ಹಾಕಿದರು, ಒಂದು ಕೈಕೊಟ್ಟಿತು, ಇನ್ನೊಂದು ತಿಳಿಯಾಗಿ ಉಳಿಯಿತು. ಅವನು ಮತ್ತೆ ದುಡಿಯಲು ಹೋದ. ಶಾಲೆಯ ಮಕ್ಕಳಿಗೆ ಈ ಕಥೆ ಬಹಳ ಇಷ್ಟ. ಅವರು ಕೇಳುವ ಪ್ರಶ್ನೆ ಒಂದೇ: 'ಆ ಹುಡುಗ ಅಂಕಲ್‌ನ ಆಮೇಲೆ ನೋಡಿದ್ನಾ?'

ಕಣ್ಣಿಗೆ ಆರು ಗಂಟೆ ಹೇಗೆ ಸಿಗುತ್ತದೆ ಅನ್ನುವುದೂ ಸೋಜಿಗವೇ. ಎದೆ ಬಡಿತ ನಿಂತ ಮೇಲೆ ಕಿಡ್ನಿ, ಲಿವರ್ ಕಾಯುವುದಿಲ್ಲ. ಕಾರ್ನಿಯಾಗೆ ರಕ್ತನಾಳಗಳೇ ಇಲ್ಲ. ಅದು ಉಸಿರನ್ನು ನೇರ ಗಾಳಿಯಿಂದ ತೆಗೆದುಕೊಳ್ಳುತ್ತದೆ. ಅದಕ್ಕೇ ಸ್ವಲ್ಪ ಹೊತ್ತು ತಾಳುತ್ತದೆ. ಆದರೆ ಒಣಗಬಾರದು. ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ಫ್ಯಾನ್ ಆಫ್ ಮಾಡಿ, ತಲೆಯ ಕೆಳಗೆ ದಿಂಬು ಕೊಟ್ಟು ಸ್ವಲ್ಪ ಎತ್ತರಿಸಿ. ತಂಡ ಮನೆಗೇ ಬರುತ್ತದೆ. ಅರ್ಧ ಗಂಟೆ ಸಾಕು. ಪರೀಕ್ಷೆಗೆ ಸ್ವಲ್ಪ ರಕ್ತವನ್ನೂ ತೆಗೆದುಕೊಳ್ಳುತ್ತಾರೆ. ಮುಖ ಹಾಳಾಗುವುದಿಲ್ಲ. ದುಡ್ಡು ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ವಯಸ್ಸಾಗಿದ್ದರೂ, ಕನ್ನಡಕ ಇದ್ದರೂ, ಪೊರೆ ಆಪರೇಷನ್ ಆಗಿದ್ದರೂ, ಸಕ್ಕರೆ ಕಾಯಿಲೆ ಇದ್ದರೂ ಕೊಡಬಹುದು. ಎಚ್‌ಐವಿ, ಹೆಪಟೈಟಿಸ್, ರೇಬಿಸ್, ರಕ್ತದ ಕ್ಯಾನ್ಸರ್ ಥರದ್ದಿದ್ದರೆ ಆಗುವುದಿಲ್ಲ. ಇನ್ನೊಂದು ಮಾತು, ಇದು ನನಗೆ ತಡವಾಗಿ ತಿಳಿದದ್ದು: ಕಾರ್ಡಿನಲ್ಲಿ ಸಹಿ ಇದ್ದರೆ ಸಾಲದು. ಆ ಹೊತ್ತಿನಲ್ಲಿ ಮನೆಯವರು ಒಪ್ಪಿ ಸಹಿ ಹಾಕಬೇಕು, ಇಬ್ಬರು ಸಾಕ್ಷಿ ಬೇಕು. ಅಂದರೆ ಅವಳ ಆಸೆ ನನ್ನ ನೆನಪಿನ ಮೇಲೆ ನಿಂತಿತ್ತು.

ಎಂಟು ತಿಂಗಳ ಮೇಲೆ ಮತ್ತೆ ಮನೆಗಳಿಗೆ ಹೋಗಲು ಶುರುಮಾಡಿದೆ. ನನ್ನ ಕೆಲಸ ಇಷ್ಟೇ: ಕೇಳುವುದು. ಐಸ್ ಬಾಕ್ಸ್ ಕೊಡುವವರು, ಹೂವಿನಂಗಡಿಯವರು, ಆ ಬೀದಿಯ ಮೇಷ್ಟ್ರು, ಹೀಗೆ ಯಾರಾದರೂ ಫೋನ್ ಮಾಡುತ್ತಾರೆ. ನಾನು ಹೋಗುತ್ತೇನೆ. ಚಪ್ಪಲಿಗಳ ರಾಶಿಯ ಹತ್ತಿರ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತೇನೆ. ಯಾರನ್ನು ಕೇಳಬೇಕು ಅಂತ ನೋಡಬೇಕು. ಅಳುತ್ತಿರುವವರನ್ನಲ್ಲ. ಜೋರಾಗಿ ಮಾತಾಡುತ್ತಿರುವ ಹಿರಿಯರನ್ನಂತೂ ಅಲ್ಲವೇ ಅಲ್ಲ. ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ, ಜೇಬಲ್ಲಿ ಚೀಟಿ ಇಟ್ಟುಕೊಂಡು ಶಾಮಿಯಾನ ಬಂತಾ, ಪುರೋಹಿತರಿಗೆ ಹೇಳಿದಿರಾ ಅಂತ ಓಡಾಡುವವರು. ಹೆಚ್ಚಾಗಿ ಅಳಿಯ ಆಗಿರುತ್ತಾನೆ. ಅವನ ಪಕ್ಕ ಹೋಗಿ ಒಂದೇ ವಾಕ್ಯ ಹೇಳುತ್ತೇನೆ. ಆಮೇಲೆ ಬಾಯಿ ಮುಚ್ಚುತ್ತೇನೆ. ಭಾಷಣ ಮಾಡಿದರೆ ಕೆಲಸ ಕೆಟ್ಟಿತು. ಆಗಲ್ಲ ಅಂದರೆ ಕೈಮುಗಿದು ಬರುತ್ತೇನೆ.

ಎಷ್ಟು ಥರದ ಮಾತು ಕೇಳಿದ್ದೇನೆ! 'ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ತಾರಂತೆ' ಅನ್ನುವುದು ಮಾಮೂಲು. ಮೊದಮೊದಲು ವಾದ ಮಾಡುತ್ತಿದ್ದೆ. ಈಗ, 'ನಾವು ಮೈಯೆಲ್ಲಾ ಸುಡ್ತೀವಲ್ಲ ತಾಯಿ, ಮುಂದಿನ ಜನ್ಮಕ್ಕೆ ಏನು ಉಳಿಸ್ತೀವಿ?' ಅಂತ ಮೆಲ್ಲಗೆ ಕೇಳುತ್ತೇನೆ. ಕೆಲವರು ನಗುತ್ತಾರೆ. ಸಾವಿನ ಮನೆಯಲ್ಲೂ ಜನ ನಗುತ್ತಾರೆ ಸ್ವಾಮಿ, ನೀವು ಗಮನಿಸಿಲ್ಲ. ಒಂದು ಮನೆಯಲ್ಲಿ 84 ವರ್ಷದ ಅಜ್ಜಿ. ಮೊಮ್ಮಗ 'ಅಜ್ಜಿ ಕಣ್ಣು ಯಾರಿಗೆ ಬೇಕು ಸಾರ್, ಅವರಿಗೇ ಕಾಣ್ತಿರಲಿಲ್ಲ' ಅಂದ. ಮಗಳು ಒಳಗಿನಿಂದ ಬಂದು, 'ಯಾಕೆ, ಸೀರಿಯಲ್ ಎಲ್ಲಾ ಕಾಣ್ತಿತ್ತಲ್ಲ! ತಗೊಳ್ಳಿ' ಅಂದರು. ತಗೊಂಡರು.

2021ರ ಅಕ್ಟೋಬರ್ 29. ಅಪ್ಪು ಹೋದ ದಿನ. ಆಮೇಲಿನ ವಾರಗಳಲ್ಲಿ ನಮ್ಮ ಫೋನ್ ಕೆಳಗಿಡಲು ಆಗಲಿಲ್ಲ. ಅವರ ಎರಡು ಕಣ್ಣಿಂದ ನಾಲ್ವರಿಗೆ ದೃಷ್ಟಿ ಬಂತು ಅಂತ ಪೇಪರಿನಲ್ಲಿ ಬಂದಿತ್ತಲ್ಲ, ಅದು ಹೇಗೆ ಅಂತಲೇ ಎಲ್ಲರ ಪ್ರಶ್ನೆ. ಕಾರ್ನಿಯಾದಲ್ಲಿ ಪದರಗಳಿವೆ. ಒಬ್ಬರಿಗೆ ಮುಂದಿನ ಪದರ ಹಾಳಾಗಿರುತ್ತದೆ, ಇನ್ನೊಬ್ಬರಿಗೆ ಹಿಂದಿನದು. ಒಂದೊಂದು ಕಾರ್ನಿಯಾವನ್ನೂ ಬಿಡಿಸಿ ಇಬ್ಬಿಬ್ಬರಿಗೆ ಹಾಕಿದರು. ಆಗ ಕಾಲೇಜು ಹುಡುಗರು ಹಿಂಡುಹಿಂಡಾಗಿ ಬಂದು ಫಾರಂ ತುಂಬಿದರು. ನಾನು ಎಲ್ಲರಿಗೂ ಒಂದೇ ಮಾತು ಹೇಳಿದೆ: 'ಫಾರಂ ಆಮೇಲೆ. ಮೊದಲು ಮನೆಗೆ ಹೋಗಿ, ಊಟಕ್ಕೆ ಕೂತಾಗ ಹೇಳಿ. ಪೇಪರ್ ಓದುತ್ತಿರುವಾಗ ಹೇಳಬೇಡಿ.'

ಎಲ್ಲ ಮನೆಯೂ ಆ ಅಜ್ಜಿ ಮನೆಯ ಹಾಗಿರುವುದಿಲ್ಲ. ಒಂದು ಮನೆಯಲ್ಲಿ ಮಗ ನನ್ನ ಮೇಲೆ ಕೂಗಾಡಿದ. 'ಹೆಣ ಇನ್ನೂ ತಣ್ಣಗಾಗಿಲ್ಲ, ಹದ್ದಿನ ಥರ ಬಂದ್ರಾ' ಅಂದ. ತಪ್ಪಿಲ್ಲ, ನಾನೂ ಹಾಗೇ ಅನ್ನುತ್ತಿದ್ದೆನೋ ಏನೋ. ಕೈಮುಗಿದು ಬಂದೆ. ಹನ್ನೆರಡನೇ ದಿನ ರಾತ್ರಿ ಅವನ ಫೋನ್. ಬೈಯುತ್ತಾನೆ ಅಂದುಕೊಂಡೆ. 'ಸಾರ್, ನೀವು ಹೇಳಿದ ಆರು ಗಂಟೆ ಎಷ್ಟೊತ್ತಿಗೆ ಮುಗೀತು?' ಅಂದ. ನನಗೆ ಗೊತ್ತಿತ್ತು, ಬರೆದುಕೊಂಡಿದ್ದೆ. ಹೇಳಬೇಕಾ, ಬೇಡವಾ? ನಲವತ್ತು ವರ್ಷದ ಗಂಡಸು ಅಳುತ್ತಿದ್ದಾನೆ. 9:40 ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. 'ಆಗ ನಾನು ಹೂವಿನವನ ಹತ್ರ ಚೌಕಾಸಿ ಮಾಡ್ತಿದ್ದೆ' ಅಂದ.

ಈ ಘಟನೆ ನನ್ನನ್ನು ಬಹಳ ದಿನ ಕಾಡಿತು. ನಾನು ಹೋಗಿ ಕೇಳದಿದ್ದರೆ ಅವನಿಗೆ ಈ ಸಂಕಟ ಇರುತ್ತಿರಲಿಲ್ಲ, ಅಲ್ವಾ? ನನ್ನ ಹತ್ತೂ ಹತ್ತರ ಮುಳ್ಳನ್ನು ತೆಗೆದುಕೊಂಡು ಹೋಗಿ ಅವನ ಕಾಲಿಗೆ ಚುಚ್ಚಿ ಬಂದೆ. ಒಳ್ಳೆಯದು ಮಾಡಲು ಹೋದವರು ಇಂಥದ್ದನ್ನೂ ಮಾಡುತ್ತೇವೆ. ಆ ರಾತ್ರಿ ಅವನಿಗೆ ನನ್ನ ಬೀರುವಿನ ಕಥೆ ಹೇಳಿದೆ. ಅದರಿಂದ ಅವನಿಗೆ ಸಮಾಧಾನ ಆಯಿತಾ, ಗೊತ್ತಿಲ್ಲ. ಈಗಲೂ ಯಾವಾಗಲಾದರೂ ಫೋನ್ ಮಾಡುತ್ತಾನೆ. ತೆಂಗಿನಕಾಯಿ ರೇಟು ಮಾತಾಡುತ್ತೇವೆ.

ಶ್ರೀಲಂಕಾದವರ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಕೊಲಂಬೊದಲ್ಲಿ ಹಡ್ಸನ್ ಸಿಲ್ವಾ ಅಂತ ಡಾಕ್ಟರ್ ಇದ್ದರು. 1958ರಲ್ಲಿ ಪತ್ರಿಕೆಯಲ್ಲಿ ಲೇಖನ ಬರೆದು ಜನರನ್ನು ಕಣ್ಣು ಕೊಡಿ ಅಂತ ಕೇಳಿದರು. 1960ರಲ್ಲಿ ಅವರ ತಾಯಿಯೇ ತೀರಿಕೊಂಡರು. ತಾಯಿಯ ಕಾರ್ನಿಯಾವನ್ನು ಬಡ ರೈತನೊಬ್ಬನಿಗೆ ಹಾಕಿಸಿದರು. ಮರುವರ್ಷ ನೇತ್ರದಾನ ಸಂಘ ಕಟ್ಟಿದರು. 1964ರಲ್ಲಿ ಸಿಂಗಪುರಕ್ಕೆ ಕಣ್ಣು ಕಳಿಸಿದರು. ಅಲ್ಲಿಂದ ಶುರುವಾಗಿ ಆ ಪುಟ್ಟ ದ್ವೀಪ ಎಷ್ಟೋ ದೇಶಗಳಿಗೆ ಸಾವಿರಾರು ಕಾರ್ನಿಯಾ ಕಳಿಸಿದೆ. ನನಗೆ ಆ ಮನುಷ್ಯ ಇಷ್ಟವಾಗುವುದು ಒಂದು ಕಾರಣಕ್ಕೆ. ಊರವರನ್ನು ಕೇಳಿದ್ದವರು ತಮ್ಮ ತಾಯಿಯ ಹೊತ್ತು ಬಂದಾಗ ಮರೆಯಲಿಲ್ಲ.

ಯಾರ ಕಣ್ಣು ಯಾರಿಗೆ ಹೋಯಿತು ಅಂತ ಹೇಳುವುದಿಲ್ಲ, ಅದು ನಿಯಮ. ಸಿನಿಮಾದಲ್ಲಿ ತೋರಿಸುವ ಹಾಗೆ ಮಗಳು ಬಂದು ಅಪ್ಪನ ಕಣ್ಣನ್ನು ಗುರುತು ಹಿಡಿಯುವುದೆಲ್ಲ ಇಲ್ಲ. ಗುರುತು ಹಿಡಿಯಲು ಅದರಲ್ಲಿ ಬಣ್ಣವೇ ಇಲ್ಲ, ಬರೀ ಗಾಜು. ಆದರೂ ಜನ ಕೇಳುತ್ತಾರೆ, 'ಯಾವ ಊರು ಅಂತಾದ್ರೂ ಹೇಳಿ ಸಾರ್, ಆ ಕಡೆ ಹೋದಾಗ ಬಸ್ಸಿಂದ ನೋಡ್ತೀನಿ'. ಒಬ್ಬ ತಾಯಿ ಹಾಗೆ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇಂಥ ಸಭೆಗಳಲ್ಲಿ ಕೊನೆಗೆ ಒಬ್ಬರು ಎದ್ದು ಕೇಳುತ್ತಾರೆ, 'ಈಗ ನಿಮ್ಮ ದುಃಖ ಕಡಿಮೆ ಆಗಿದೆಯಾ?' ಅಂತ. ಯಾರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಬೆಳಗ್ಗೆ ನಾಲ್ಕೂ ಹತ್ತಕ್ಕೆ ಇವತ್ತಿಗೂ ಎಚ್ಚರ ಆಗುತ್ತದೆ. ಅಲಾರಂ ಬೇಕಿಲ್ಲ. ಮುಂಚೆ ಆರರ ತನಕ ಸೂರು ನೋಡುತ್ತಾ ಮಲಗಿರುತ್ತಿದ್ದೆ. ಈಗ ಎದ್ದು ಫೋನ್ ಚಾರ್ಜ್ ಆಗಿದೆಯಾ ನೋಡಿ, ಇಸ್ತ್ರಿ ಮಾಡಿದ ಅಂಗಿಯನ್ನು ಕುರ್ಚಿಗೆ ಹಾಕಿಡುತ್ತೇನೆ. ಇಷ್ಟೇ ವ್ಯತ್ಯಾಸ. ನನ್ನ ಮಟ್ಟಿಗೆ ಇದು ಚಿಕ್ಕದಲ್ಲ. ಡೈರಿಯಲ್ಲಿ ಈವರೆಗೆ 61 ಮನೆಗಳಿವೆ, ಅದರಲ್ಲಿ 23 ಮನೆಯವರು ಹೂಂ ಅಂದಿದ್ದಾರೆ.

ಈ ಹುಚ್ಚಿನಲ್ಲಿ ಒಂದು ತಪ್ಪನ್ನೂ ಮಾಡಿದೆ. ಅವಳ ಎರಡನೇ ವರ್ಷದ ತಿಥಿಯ ದಿನ ಫೋನ್ ಬಂತು, ಎದ್ದು ಹೋಗಿಬಿಟ್ಟೆ. ಬೇರೆ ಕಾರ್ಯಕರ್ತರಿದ್ದರು, ಅವರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಮಧ್ಯಾಹ್ನ ಮೂರಕ್ಕೆ ವಾಪಸ್ ಬಂದರೆ ಎಲೆ ಹಾಕಿಟ್ಟು ಎಲ್ಲರೂ ಹಸಿದು ಕೂತಿದ್ದಾರೆ. ಸೊಸೆ ಹೇಳಿದಳು, 'ಮಾವ, ಊರವರ ಸಾವಿಗೆಲ್ಲ ಹೋಗ್ತೀರ. ಅತ್ತೆಯ ತಿಥಿಗೆ ಒಂದು ದಿನ ಮನೇಲಿರೋಕ್ಕಾಗಲ್ವಾ?' ನನಗೆ ಸಿಟ್ಟು ಬಂತು. ಸರಿಯಾದ ಮಾತಾಗಿದ್ದರಿಂದ ಸಿಟ್ಟು ಬಂತು. ಅಲ್ಲಿಂದೀಚೆಗೆ ಆ ಒಂದು ದಿನ ಫೋನನ್ನು ಇನ್ನೊಬ್ಬರಿಗೆ ಕೊಟ್ಟು ಬರುತ್ತೇನೆ.

ಮಗ ಈಗ ನಮ್ಮ ಜೊತೆಗೇ ತುಮಕೂರಿನಲ್ಲಿದ್ದಾನೆ, ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬರುತ್ತಾನೆ. ಒಂದು ದಿನ ಕೇಳಿದ, 'ಅಪ್ಪ, ನಿಮ್ಮ ಕಾರ್ಡ್ ಎಲ್ಲಿಟ್ಟಿದ್ದೀರ?' ಬೀರುವಿನಲ್ಲಿಲ್ಲ ಅಂದೆ. ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ, ಫೋನ್ ನಂಬರ್ ದೊಡ್ಡದಾಗಿ ಬರೆದು. ನೆಂಟರು ಬಂದಾಗ ಹೆದರಿಕೊಳ್ಳುತ್ತಾರೆ ಅಂತ ಸೊಸೆ ಎರಡು ಸಲ ಕಿತ್ತು ಡ್ರಾಯರಿಗೆ ಹಾಕಿದಳು. ಎರಡು ಸಲವೂ ನಾನು ತೆಗೆದು ಅಂಟಿಸಿದೆ. ಮೂರನೇ ಸಲ ಅವಳು ಕೀಳಲಿಲ್ಲ. ಅದರ ಪಕ್ಕದಲ್ಲೇ ಹಾಲಿನ ಲೆಕ್ಕದ ಚೀಟಿ ಸಿಕ್ಕಿಸಿದ್ದಾಳೆ, ದಿನಾ ಬೆಳಗ್ಗೆ ಅಲ್ಲಿ ನಿಂತು ಬರೆಯುತ್ತಾಳೆ.